ಹಾನಿ: ಇಲ್ಲ

ಮಕರ ಮಾಸದ ಒಣ ಬೆಳಗು. ಆರಿಕ್ಕಾಡಿ ಕೋಟೆಯ
ತೆಂಕಣ ಕೊತ್ತಳಕ್ಕೆ, ಉಂಡೆದ್ದವನ ಹಾಗೆ,
ಹೊಟ್ಟೆ ಮುಂದೆ ಬಂದಿದೆ.
ಅಗೆಯುವ ಹಾಗಿಲ್ಲ, ಕೊರೆಯುವ ಹಾಗಿಲ್ಲ,
ಒಂದು ಮೊಳೆ ಹೊಡೆಯುವ ಹಾಗೂ ಇಲ್ಲ.
ಕೇಳಬಹುದು, ಅಷ್ಟೆ.

ಮೊಗ್ರಾಲಿನ ರಂಸೀನಾ ರಾಡಾರ್ ಪೆಟ್ಟಿಗೆಯನ್ನು
ಮುರಕಲ್ಲಿನ ಮೈಗೆ ಒತ್ತಿ ಎಳೆಯುತ್ತಾಳೆ,
ರೇಷ್ಮೆಗೆ ಇಸ್ತ್ರಿ ಹಾಕುವಷ್ಟು ನಿಧಾನ.
ನನ್ನದು ಬರೆಯುವ ಕೆಲಸ:
ಸಾಲು ಹದಿಮೂರು. ನೆಲದಿಂದ ನಾಲ್ಕಡಿ. ಕೊಂಚ ತೇವ.

ತೇವವಿದ್ದಲ್ಲಿ ಅಲೆ ತಡವಾಗಿ ಮರಳುತ್ತದಂತೆ.
ತುಲಾ ಮಾಸದಲ್ಲಿ ಬಿದ್ದ ಮಳೆ
ಇನ್ನೂ ಒಳಗೇ ಕೂತು
ಹಾದಿಹೋಕರನ್ನು ಮಾತಿಗೆಳೆಯುತ್ತಿದೆ.

ಪರದೆಯ ತುಂಬ ಬೂದು ಗೆರೆ, ಹಿಂಡದೆ ಹರವಿದ ಪಂಚೆ.
ಸಾಲು ಹದಿನಾಲ್ಕರಲ್ಲಿ ಮಾತ್ರ
ಒಂದು ಗೆರೆ ಹುಬ್ಬೇರಿಸಿತು.
ಅವಳೂ ಏರಿಸಿದಳು. ‘ಪೊಳ್ಳ’ ಎಂದಳು ಮಲಯಾಳದಲ್ಲಿ.
ಚನಿಯ ಮೇಸ್ತ್ರಿ ತುಳುವಿನಲ್ಲಿ ಅಂದದ್ದನ್ನು
ಸರಕಾರಿ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ.
ಟೊಳ್ಳು ಎಂದು ಬರೆದೆ. ಬೈದ ಹಾಗಾಯಿತು, ಹೊಡೆದು ಹಾಕಿದೆ.
ಖಾಲಿ ಎಂದರೆ
ಯಾರೋ ಬಿಟ್ಟು ಹೋದ ಹಾಗೆ.
ಕಾಲಮ್ಮಿನಲ್ಲಿ ಉಳಿದದ್ದು ಒಂದು ಪ್ರಶ್ನೆಯ ಕೊಕ್ಕೆ.

ಮೇಸ್ತ್ರಿಗೆ ಮಾತ್ರ ಸಂಶಯವಿಲ್ಲ:
‘ಮನೆಗೆ ಹೊರಟವನ ಕೆಲಸ ಇದು.
ಕೂಲಿ ಎಣಿಸುವ ಸದ್ದು ಕೇಳಿದ್ದೇ
ಹಿಂದೆ ಚೂರುಕಲ್ಲು ಸುರಿದು ಮುಖ ಮುಚ್ಚಿದ್ದಾನೆ.
ನಾನೂ ಮಾಡಿದ್ದುಂಟು.’
ಎಲ್ಲಿ, ಎಂದೆ.
ಬೀಡಿ ಹಚ್ಚಿಕೊಂಡ.

ಮಧ್ಯಾಹ್ನ, ಕಿವಿಗೆ ನಿಲುಕದ ಶಬ್ದದ ಸರದಿ.
ತೂತುತೂತಿನ ಕಲ್ಲು, ಜೆಲ್ ಹಚ್ಚಿದರೆ ಕುಡಿದುಬಿಡುತ್ತದೆ,
ಕಲೆ ಉಳಿಯುತ್ತದೆ. ಅದಕ್ಕೇ ನಡುವೆ ಮೈದಾ ಹಿಟ್ಟಿನ ಬಿಲ್ಲೆ:
ಕುಂಬಳೆ ಪೇಟೆಯ ಪರೋಟದಂಗಡಿಯಿಂದ,
ಎಣ್ಣೆ ಸುರಿಯುವ ಮೊದಲೇ ಬೇಡಿ ತಂದದ್ದು.
ಶಬ್ದ ಹಿಟ್ಟಿನ ಮೆಟ್ಟಿಲು ತುಳಿದು ಕಲ್ಲಿಗಿಳಿಯಿತು.
ಹದಿಮೂರರಲ್ಲಿ ನೇರ ನಡೆಯಿತು.
ಹದಿನಾಲ್ಕರಲ್ಲಿ ಬಳಸು ದಾರಿ ಹಿಡಿಯಿತು,
ಸೂತಕದ ಮನೆ ಎದುರಾದವರ ಹಾಗೆ.

ಸಂಜೆ ಫಾರಂ ತುಂಬಿದೆ.
ಗೋಡೆಗೆ ಆದ ಹಾನಿ: ಇಲ್ಲ.
ಅಂಟಿದ ಹಿಟ್ಟು ಒರೆಸಲು ಒದ್ದೆ ಬಟ್ಟೆ ಹಿಡಿದು ಹೋದರೆ
ಸಣ್ಣಿರುವೆಗಳು ಆಗಲೇ ಸಾಲುಗಟ್ಟಿವೆ,
ತಲೆಗೊಂದು ಬಿಳಿ ಕಣ ಹೊತ್ತು
ಹದಿನಾಲ್ಕರ ಕೆಳಗೆ, ಇಡೀ ದಿನ ನಾವ್ಯಾರೂ ಕಾಣದ
ಕೂದಲೆಳೆಯ ಬಿರುಕಿನಲ್ಲಿ
ಒಂದೊಂದಾಗಿ ಇಳಿಯುತ್ತಿವೆ.

ಬಟ್ಟೆ ಕೈಯಲ್ಲೇ ಒಣಗಿತು.
ಮೊದಲು ಹೋದದ್ದು ಎಷ್ಟು ಹೊತ್ತಿಗೆ ಮರಳುತ್ತದೆಂದು
ರಂಸೀನಾ
ಗಡಿಯಾರ ನೋಡುತ್ತ ನಿಂತಿದ್ದಾಳೆ.