ತರಗು ತುಂಬಿದ ಚಕ್ರ

ಪಾಂಡವಪುರದ ಆಟದ ಮೈದಾನ, ಬೆಳಗಿನ ಐದೂಮುಕ್ಕಾಲು.
ಸುಣ್ಣದ ಗೆರೆ ನೆಟ್ಟಗಿಲ್ಲ.
ನನ್ನ ಕಣ್ಣಿಗೆ ಮೊದಲು ಬೀಳುವುದು ಅದೇ,
ಇಪ್ಪತ್ತೆರಡು ವರ್ಷ ಸರ್ವೆ ಇಲಾಖೆಯಲ್ಲಿ
ಸರಪಳಿ ಎಳೆದವಳು ನಾನು.

ಗೆರೆಯ ಮೇಲೆ ಅರವತ್ತು ಸೈಕಲ್ಲು.
ಐವತ್ತೊಂದು ತೆಳ್ಳಗಿನವು, ಬಾಗಿದ ಕೊಂಬಿನವು,
ಚಕ್ರ ನೋಡಿದರೆ
ಹೆಬ್ಬೆರಳಿಗಿಂತ ಒಂದಿಷ್ಟು ದಪ್ಪ, ಅಷ್ಟೆ.
ಉಳಿದವು ನಮ್ಮವು: ಹಲ್ಲು ಹಲ್ಲಿನ ಟೈರು,
ಮುಂದೆ ಶಾಕಪ್ಪು, ಹದಿನಾಲ್ಕು ಕೇಜಿ,
ಬದುವಿನ ಮೇಲೆ ಓಡಾಡಲು, ಹೂತುಹೋದ ಗಡಿಕಲ್ಲು ಹುಡುಕಲು
ಕೊಂಡದ್ದು.
"ಮೇಡಂ ಎಮ್ಮೆ ತಂದವ್ರೆ" ಅಂದ ಯಾವನೋ.
ಎಮ್ಮೆಯೇ. ಇಲ್ಲವೆನ್ನಲೆ?

ಪಕ್ಕದಲ್ಲಿ ಇಮ್ತಿಯಾಜ್.
ಮೈಸೂರು ಮಂಡಿ ಮೊಹಲ್ಲಾದಲ್ಲಿ ಕನ್ನಡಕದಂಗಡಿ,
ಎಂಟು ಕೇಜಿಯ ಕಪ್ಪು ಕಾರ್ಬನ್ನು,
ಇನ್ನೂ ಒಂಬತ್ತು ಕಂತು ಬಾಕಿ.
ನನ್ನ ಮುಖ ನೋಡಿ ಮೊದಲು ಹೇಳಿದ್ದು,
"ನಿಮ್ಮ ಪವರ್ ಬದಲಾಗಿದೆ, ರೇಸ್ ಆದ್ಮೇಲೆ ಬನ್ನಿ."
ಆಮೇಲೆ ಎರಡೇ ಬೆರಳಲ್ಲಿ ಸೈಕಲ್ಲು ಎತ್ತಿ ತೋರಿಸಿದ.
ನಾನೂ ಎತ್ತಿದೆ,
ಬೇರೆಯವರ ಮಗುವನ್ನು ಎತ್ತಿಕೊಂಡ ಹಾಗೆ.
ಇಳಿಸಿದ ಮೇಲೆ ನನ್ನದು ಇನ್ನಷ್ಟು ಭಾರವಾಯಿತು.

ಸೀಟಿ.
ಡಾಂಬರು ಯಾರದೆಂದು ಮೊದಲ ಕಿಲೋಮೀಟರಿನಲ್ಲೇ ತಿಳಿಯಿತು.
ಅವರು ಒಬ್ಬರ ಬೆನ್ನಿಗೊಬ್ಬರು ಅಂಟಿ,
ಗಾಳಿಗೆ ಗೊತ್ತಾಗದಂತೆ ನುಸುಳಿ,
ಜಕ್ಕನಹಳ್ಳಿಗೆ ಮುಂಚೆಯೇ ಕಾಣೆಯಾದರು.
ನನ್ನ ಟೈರು ರಸ್ತೆಯುದ್ದಕ್ಕೂ ಗುಂಯ್ ಎನ್ನುತ್ತ
ತುಳಿದದ್ದರಲ್ಲಿ ಕಾಲುಭಾಗ ತಾನೇ ತಿಂದಿತು.
ಶಾಕಪ್ಪು ಪ್ರತಿ ತುಳಿತಕ್ಕೂ ಬಗ್ಗಿ ಎದ್ದಿತು,
ಸಾಹೇಬರ ಮುಂದೆ ನಿಂತ ಗುಮಾಸ್ತನಂತೆ.

ಮೇಲುಕೋಟೆ ಏರನ್ನು ಸಣ್ಣ ಗೇರು ಹಾಕಿ
ಕೂತೇ ಹತ್ತಿದೆ. ಎದ್ದು ನಿಂತು ತುಳಿಯುತ್ತಿದ್ದ
ಇಬ್ಬರು ಹುಡುಗರನ್ನು ದಾಟಿದೆ
ಎಂದು ಹೇಳಿಕೊಳ್ಳಬಹುದಿತ್ತು; ಸುಳ್ಳು.
ಅವರು ಸೋಡಾ ಕುಡಿಯಲು ನಿಂತಿದ್ದರು.

ಇಳಿದು ಬಂದರೆ ನಾಲೆ ಏರಿ. ಮೂರು ಕಿಲೋಮೀಟರು.
ಜಲ್ಲಿ, ಟ್ರ್ಯಾಕ್ಟರು ಕೊರೆದ ಹಳ್ಳ, ಒಗೆಯುವವರು ಚೆಲ್ಲಿದ ನೀರು.
ಎಮ್ಮೆಗೆ ಕೆರೆ ಕಂಡಂತಾಯಿತು.
ಸೈಕಲ್ಲು ಹೆಗಲಿಗೇರಿಸಿ ನಡೆಯುವವರು ಹನ್ನೊಂದು ಮಂದಿ.
ಎಣಿಸಿದೆ; ಎಣಿಸುವುದಕ್ಕೇ ನನಗೆ ಸಂಬಳ.
ಹನ್ನೆರಡನೆಯವನು ತೂಬಿನ ಕಟ್ಟೆಯ ಮೇಲೆ ಕೂತಿದ್ದ.
ಇಮ್ತಿಯಾಜ್. ತಂದಿದ್ದ ಎರಡು ಟ್ಯೂಬೂ ಮುಗಿದಿದ್ದವು.

ನನ್ನ ಚೀಲದಲ್ಲೊಂದಿತ್ತು. ಕೊಟ್ಟೆ.
ಅವನ ರಿಮ್ಮಿನ ತೂತಿನಲ್ಲಿ ನನ್ನ ವಾಲ್ವು ಇಳಿಯಲಿಲ್ಲ,
ಇಳಿದಿದ್ದರೂ ಆ ಟೈರಿನೊಳಗೆ ಹಿಡಿಸುತ್ತಿರಲಿಲ್ಲ.
ಕೊಡುವ ಮನಸ್ಸಿದೆ, ಚಾಚಿದ ಕೈಯಿದೆ,
ಅಳತೆ ಬೇರೆ.
ಎಷ್ಟು ಸಲ ಹೇಳಿದ್ದೇನೆ ಈ ಮಾತು,
ಕೋಪದಲ್ಲಿ ಬೆವರುವ ಅಣ್ಣತಮ್ಮಂದಿರ ನಡುವೆ
ಕಲ್ಲು ತೋರಿಸುತ್ತ.

ಏರಿಯ ಕೆಳಗೆ ಕಬ್ಬು ಕಡಿಯುತ್ತಿದ್ದ ಹೆಂಗಸೊಬ್ಬಳು
ಮಚ್ಚು ಊರಿಕೊಂಡು ನೋಡುತ್ತಿದ್ದಳು.
"ಗಾಳಿ ನಿಲ್ದಿದ್ರೆ ತರಗ್ ತುಂಬ್ರವ್ವಾ,
ದಿಂಬ್ಗೆ ತುಂಬಕಿಲ್ವಾ?"
ಅಂದವಳೇ ಒಂದು ತೆಕ್ಕೆ ತಂದು ಸುರಿದಳು.
ಮೂವರೂ ಕೂತೆವು. ತಿರುಚಿ, ತುರುಕಿ, ಹೆಬ್ಬೆಟ್ಟಲ್ಲಿ ಒತ್ತಿ
ಆ ಕಂತಿನ ಚಕ್ರದೊಳಕ್ಕೆ
ಮಂಡ್ಯದ ಕಸವನ್ನು ಇಂಚಿಂಚಾಗಿ ಗಿಡಿದೆವು.
ಗಾಜು ಒರೆಸಿ ಮೆತ್ತಗಾದ ಅವನ ಕೈ
ಗರಿ ಗೀರಿ ರಕ್ತ.
ಹಾದುಹೋದವರನ್ನು ಎಣಿಸಲಿಲ್ಲ.

ಏರಿ ಮುಗಿಯುವ ತನಕ ನಾನು ಮುಂದೆ, ಅವನು ತಳ್ಳುತ್ತ.
ಆಮೇಲೆ ಡಾಂಬರು, ಊರಿನವರೆಗೂ ಸಣ್ಣ ಇಳಿಜಾರು.
ಹಿಂದಿನಿಂದ ಸರಸರ ಸದ್ದು,
ಕಬ್ಬಿನ ಗದ್ದೆಗೆ ಹಂದಿ ನುಗ್ಗಿದಂತೆ.
ತಿರುಗುವಷ್ಟರಲ್ಲಿ ಪಕ್ಕಕ್ಕೆ ಬಂದ, ಮುಂದೆ ಹೋದ,
"ಸಾರಿ ಮೇಡಂ!" ಎಂದು ಕೂಗಿದ,
ತರಗಿನ ಚೂರು ಉದುರಿಸುತ್ತ ರಸ್ತೆಯುದ್ದಕ್ಕೂ
ಹೊಸ ಗಡಿ ಗುರುತಿಸುವವನ ಹಾಗೆ.

ಅವನು ಐವತ್ತೇಳು, ನಾನು ಐವತ್ತೆಂಟು.
ನಡುವೆ ಒಂಬತ್ತು ಸೆಕೆಂಡು.

ಪಲಾವಿನ ಪೊಟ್ಟಣ ಕೊಡುತ್ತಿದ್ದ ಹುಡುಗ ಕೇಳಿದ,
ಯಾವ ಸೈಕಲ್ಲು ಮೇಲು ಮೇಡಂ?
ಸರ್ವೆ ನಂಬರು ಹೇಳು ಮೊದಲು, ಅಂದೆ.
ಅವನಿಗೆ ಅರ್ಥವಾಗಲಿಲ್ಲ, ಇನ್ನೊಂದು ಪೊಟ್ಟಣ ಕೊಟ್ಟ.
ಆಚೆ ಇಮ್ತಿಯಾಜ್ ಟೈರು ಬಿಚ್ಚುತ್ತಿದ್ದ.
ಒಳಗೆ ತರಗು ಕಾದು ಕಂದಾಗಿತ್ತು,
ಆಲೆಮನೆಯ ಒಲೆಬಾಯಿಯ ವಾಸನೆ.