ಒತ್ತಿಗೆ ಜಾಗ

ಕೌಲ್ ಬಜಾರಿನ ಮೂರನೇ ಸಂದಿಯಲ್ಲಿ
ಹಗಲೆಲ್ಲ ಜೀನ್ಸಿನ ಜೇಬಿಗೆ ಬಾರ್‌ಟ್ಯಾಕ್ ಹಾಕುವವನು ನಾನು.
ಮೂಲೆಗೆ ನಲವತ್ತೆರಡು ಚುಚ್ಚು, ಹಿಂದೆ ಮುಂದೆ, ಹಿಂದೆ ಮುಂದೆ.
ಅದೊಂದು ಇಲ್ಲದಿದ್ದರೆ
ಕೈ ಇಟ್ಟ ಮೊದಲ ದಿನವೇ ಜೇಬು ಬಾಯಿ ಬಿಡುತ್ತದೆ.

ರಾತ್ರಿ ಹತ್ತರ ಮೇಲೆ
ಗುಜರಿ ಖಾಸಿಂಸಾಬನಿಂದ ಎಂಟುನೂರಕ್ಕೆ ತಂದ ಕಂಪ್ಯೂಟರಿನ ಮುಂದೆ
ಇನ್ನೊಂದು ಹೊಲಿಗೆ.
ಐನೂರ ಹನ್ನೆರಡು ಬೈಟಿನ ಒಂದು ತುಂಡು ಬಟ್ಟೆ;
ತುದಿಗೆ ಐದು ಐದು ಎ ಎ ಎಂದು ಎರಡು ಬೈಟು ಹಾಕದಿದ್ದರೆ
ಯಂತ್ರ ನನ್ನ ಗುರುತೇ ಹಿಡಿಯುವುದಿಲ್ಲ.
ಇದು ತಿಳಿದ ರಾತ್ರಿ ಒಬ್ಬನೇ ನಕ್ಕೆ:
ಇಲ್ಲೂ ಬಾರ್‌ಟ್ಯಾಕು!

ಹೆಸರು ಗುಡ್ಡ.
ಇಂಥ ತಿರುಳಿಗೆ ಬಲ್ಲವರು ಒಂಟಿಕಲ್ಲು ಅನ್ನುತ್ತಾರಂತೆ,
ಎಲ್ಲ ಒಂದರೊಳಗೇ, ಒಂದು ಕಡೆ ಬಿರಿದರೆ ಎಲ್ಲ ಬಿರಿಯುತ್ತದೆ.
ಬಿರಿದಿದೆ, ಎಷ್ಟೋ ಸಲ.

“ಇದ್ರಾಗ ಸಿನಿಮಾ ಬರ್ತೈತಾ?” ಕೇಳಿದ
ಕಟಿಂಗ್ ಮಾಸ್ತರ ಎರ್ರಿಸ್ವಾಮಿ.
ಇಲ್ಲ.
“ವಾಟ್ಸಾಪು?”
ಇಲ್ಲ.
“ಮತ್ತೇನ್ ಬರ್ತೈತಿ?”
ಕೀಲಿ ಒತ್ತಿದರ ಅಕ್ಷರ ಬರ್ತೈತಿ ಅಂದೆ.
ನನ್ನ ಮುಖ ನೋಡಿದ, ಪರದೆ ನೋಡಿದ, ಒಂದು ಕೀಲಿ ಒತ್ತಿದ.
ಬಂತು.
“ಹ್ಞೂ” ಅಂದು ಬೀಡಿ ಹಚ್ಚಲು ಹೊರಗೆ ಹೋದ.

ಉಳಿಸಿಡುವುದು ಇನ್ನೂ ಬಾರದು ಅದಕ್ಕೆ. ಕರೆಂಟು ಹೋದರೆ
ಬರೆದದ್ದೆಲ್ಲ ವಾಷಿಂಗ್ ಘಟಕದ ನೀಲಿ ನೀರು, ಚರಂಡಿ ಪಾಲು.
ಏಳು ವರ್ಷವಾಯಿತು.

ಜೇಬಿನ ರಟ್ಟಿನ ನಮೂನೆ ನಮ್ಮಲ್ಲಿ ಮೊಳೆಗೆ ತೂಗುತ್ತಿರುತ್ತದೆ.
ಯಾರು ಬೇಕಾದರೂ ಇಳಿಸಿ, ಚಾಕಿನಿಂದ ಗೀರಿಕೊಂಡು, ತಿರುಗಿ ಸಿಕ್ಕಿಸಬಹುದು.
ನಾನೂ ಹಾಗೇ ತೂಗುಹಾಕಿದೆ ಗುಡ್ಡವನ್ನು
ಒಂದೊಂದು ಸಾಲೂ ಕಾಣುವಂತೆ, ತಪ್ಪು ಸಮೇತ.

ತಪ್ಪೆಂದರೆ:
ಮೊದಲು ಬರೆಸಿದ ಪದ ಬಳ್ಳಾರಿ.
ಬಂದದ್ದು ಬಳಾರಿ.
ಹದಿನಾರು ಗೆರೆಯ ಚೌಕ, ಇಂಗ್ಲಿಷಿನ ಅಳತೆಗೆ ಕತ್ತರಿಸಿದ್ದು;
ನಮ್ಮ ಅಕ್ಷರದ ಕಾಲು ಚೌಕದಿಂದಾಚೆ ಕತ್ತಲಲ್ಲಿ.
ಇರಲಿ, ಓದುವವರಿಗೆ ತಿಳಿಯುತ್ತದಲ್ಲ ಅಂದುಕೊಂಡೆ.
ಓದುವವನು ನಾನೊಬ್ಬನೇ.
ಹೀಗೇ ಎರಡು ವರ್ಷ.

ಶ್ರಾವಣದ ಒಂದು ಮಂಗಳವಾರ
ಸಿಂಧನೂರಿನಿಂದ ಶಿವಲೀಲಾ ಅನ್ನುವವಳು
ಮೂರು ಸಾಲು ತಿದ್ದಿ ಕಳಿಸಿದ್ದಳು.
ಮುಖ ಕಂಡಿಲ್ಲ, ದನಿ ಕೇಳಿಲ್ಲ.
ಕೆಳಗೆ ಇಷ್ಟೇ ಬರೆದಿದ್ದಳು:
“ನಮ್ಮೂರ ಹೆಸರಿಗೆ ಒತ್ತಿಲ್ಲರಿ, ನನ್ನ ಹೆಸರಿಗೂ ಇಲ್ಲ.
ಆದರ ನಮ್ಮವ್ವ ಹುಲಿಗೆಮ್ಮ.
ನಿಮ್ಮದರಾಗ ಆಕಿ ಹುಲಿಗೆಮ ಆಗ್ಯಾಳ.
ಕೆಳಗ ಜಾಗ ಬಿಡ್ರಿ ಅಣ್ಣಾ.”

ಹದಿನಾರಿದ್ದದ್ದು ಇಪ್ಪತ್ನಾಲ್ಕಾಯಿತು.
ಪರದೆಯಲ್ಲಿ ಮೂವತ್ತು ಸಾಲು ಹಿಡಿಯುತ್ತಿದ್ದದ್ದು ಇಪ್ಪತ್ತಾಯಿತು.
ಆಗಲಿ.
ಮೊದಲು ಆಕೆಯ ಅವ್ವನ ಹೆಸರು ಬರೆದೆ, ಆಮೇಲೆ ನಮ್ಮೂರಿನದು.
ಮ ಕೆಳಗೆ ಮ ವತ್ತು, ಳ ಕೆಳಗೆ ಳ ವತ್ತು,
ಕಟ್ಟೆಯಿಂದ ಕಾಲು ಇಳಿಬಿಟ್ಟು ಕೂತ ಇಬ್ಬರ ಹಾಗೆ.
ಎಷ್ಟು ಹೊತ್ತು ನೋಡಿದೆನೋ,
ಕರೆಂಟು ಹೋಯಿತು.

ಬೆಳಿಗ್ಗೆ ಎರ್ರಿಸ್ವಾಮಿಗೆ ಎಲ್ಲ ಹೇಳಿದೆ.
ಕತ್ತರಿ ಕೆಳಗಿಟ್ಟ.
“ಅಲ್ಲೋ, ಜೀನ್ಸಿನಾಗ ಹುಟ್ಟಿ ಜೀನ್ಸಿನಾಗ ಬೆಳೆದಾಂವ,
ಎರಡು ವರ್ಷ
ಹೊಲಿಗಿಗೆ ಬಟ್ಟಿ ಬಿಡದ ಕತ್ತರಿಸಿದಿ?”