ಹಿಂದಿನ ಗಾಳಿ

ವಿಮಾನ ಹೋದ ಮ್ಯಾಲೆ ಬರತೈತಿ ಅದು.
ಸಪ್ಪಳ ಇಳದು, ಗೋಕುಲದ ನಾಯಿ ಬೊಗಳೂದು ಬಿಟ್ಟು,
ಚಹಾದ ಬಶಿ ಮತ್ತ ತುಟಿಗೆ ಹಚ್ಚಿದಾಗ,
ಮ್ಯಾಲೆ ಯಾರೋ ಹೊಸಾ ಸೀರಿ
ಪರ್ರಂತ ಹರದಂಗ.
ಬೇವಿನ ಗಿಡದಾಗ ಒಂದು ಎಲಿ ಅಲಗಾಡಂಗಿಲ್ಲ.
ಹಂಚು ಮಾತ್ರ ಖಟಖಟ. ಒಂದು ಎದ್ದು ಕುಂತು,
ಅಂಗಳಕ್ಕ ಬಿದ್ದು ಮೂರು ಚೂರು.

"ಗಾಳಿ ಐತ್ರೀ ನಿಮ್ಮ ಮನಿಗೆ,
ನಿಂಬಿಹಣ್ಣು ಕಟ್ರಿ," ಅಂದಳು ಎದುರುಮನಿ ಗಂಗವ್ವ.
ಹಂಚು ಹೊಚ್ಚಿ, ತಂತಿ ಬಿಗದು, ನೂರಾ ಎಂಬತ್ತು ಇಸಕೊಂಡು
ಬುಡನಸಾಬನೂ ಅದನ್ನ ಅಂದ, ಬ್ಯಾರೆ ಮಾತಿನಾಗ.

ಹಿತ್ತಲ ಖೋಲಿ ಬಾಡಿಗಿ ಹುಡುಗಿ, ಸುಪ್ರಭಾ ಕಮಡೊಳ್ಳಿ,
ಟವರಿನಾಗ ಕುಂತು ವಿಮಾನ ಇಳಸಾಕಿ.
ನಕ್ಕಳು. ಎರಡೂ ತೋಳು ಚಾಚಿ ನಿಂತಳು:
"ರೆಕ್ಕಿ ಕೆಳಗಿನ ಗಾಳಿ ತುದಿ ಬಳಸಿ ಮ್ಯಾಲೇರತೈತಿ, ಕಾಕಾ.
ತುದಿಗೊಂದು ಸುಳಿ, ಹುರಿ ಹೊಸದಂಗ.
ವಿಮಾನ ಮುಂದ ಹೋಗತೈತಿ,
ಸುಳಿ ಸಾವಕಾಶ ಇಳದು ನಿಮ್ಮ ಹಂಚು ಮುಟ್ಟತೈತಿ.
ಗಾಳಿ ಬೀಸೋ ದಿನ ಚಿಂತಿಲ್ಲ, ಹರದು ಹೋಗತಾವ.
ಸುಮ್ಮನಿದ್ದ ಸಂಜೀನ ಕೆಟ್ಟದ್ದು.
ಹಿಂದ ನಾಕು ಸೀಟಿನ ಪುಟ್ಟದು ಬರತಿದ್ರ
ಮೂರು ನಿಮಿಷ ತಡೀತೀವಿ."
ಇಲ್ಲಾಂದ್ರ?
"ಮಗುಚಿ ಹಾಕತೈತಿ."
ಮುಂದಿನವಗ ಗೊತ್ತಾಗತೈತೇನು?
"ಹೆಂಗ ಗೊತ್ತಾಗಬೇಕು, ಅಂವಾ ಮುಂದ ಹೋಗಿರತಾನ."

ಏರ್‌ಬಸ್ ಅಂತ ಅದರ ಹೆಸರು.
ನಾನೂ ಮೂವತ್ತೊಂದು ವರ್ಷ ಬಸ್ಸೇ ಹೊಡದಾಂವ,
ಹುಬ್ಬಳ್ಳಿ ಗದಗ, ದಿನಾ ಎರಡು ಸುತ್ತು.
ಅಣ್ಣಿಗೇರಿ ದಾಟಿ ಎರಿಹೊಲದ ನಡುವಿನ ಹಾದಿ,
ಎಂಟು ನಿಮಿಷ ಲೇಟು,
ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿದಾಂವ ಒಬ್ಬಾಂವ.
ಮುಟ್ಟಲಿಲ್ಲ ನಾನು. ದೇವರಾಣಿ, ಒಂದು ಮಾರು ಬಿಟ್ಟಿದ್ದೆ.
ದಾಟಿದ ಮ್ಯಾಲೆ ಕನ್ನಡ್ಯಾಗ
ಸೈಕಲ್ಲು ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು,
ಆಮ್ಯಾಲೆ ಕರೇ ಮಣ್ಣಿನ ಮ್ಯಾಲೆ
ಬಿಳೇದು ಹರಡಿದ್ದು.
ಕಂಡಕ್ಟರ್ ಹುಲಕೋಟಿ ಟಿಕೀಟು ಹರೀತಿದ್ದ.
ನಾನು ಗೇರ್ ಬದಲಿಸಿದೆ.

ಗಾಳಿ ಗುದ್ದಿ ಮೈ ನೋಯಿಸಿಕೊಂಡ ಅಂತ ನಗತಾರ ಮಂದಿ.
ಅಂವಗ ಗಾಳೀನ ಗುದ್ದಿತ್ತು.
ಯಾರ ಗಾಳಿ ಅಂತ ಯಾರೂ ಕೇಳಲಿಲ್ಲ.
ಎದ್ದನೋ, ಇಲ್ಲೋ. ಮರುದಿನ ಆ ಹಾದ್ಯಾಗ
ಹಾರ್ನ್ ಬಾರಿಸದ ದಾಟಿದೆ.

ಇವತ್ತೂ ಸಂಜಿಕ ಗಾಳಿಲ್ಲ.
ದೊಡ್ಡದು ಇಳೀತು. ಬಶಿ ಕೆಳಗಿಟ್ಟು
ಕೈಗಡಿಯಾರ ನೋಡತೀನಿ.
ಪಡುವಣದಾಗ ಪುಟ್ಟದರ ದೀಪ ಇನ್ನೊಂದು ಸುತ್ತಿಗೆ ಹೊಳ್ಳೇತಿ,
ಆ ಹುಡುಗಿ ತಡಿ ಅಂದಿರಬೇಕು.
ಎರಡು ನಿಮಿಷ, ಹತ್ತು ಸೆಕೆಂಡು.
ಬುಡನಸಾಬ ಕಟ್ಟಿದ ತಂತಿ
ಸಣ್ಣಗ ಮಿಡಿಯಾಕ ಹತ್ತೇತಿ.